ಊರ ನಾಟಕದ ಹಿಮ್ಮೇಳ

ವಾದ್ಯವನ್ನು ಮನೆಯ ಜಗಲಿಯ ಮೇಲೆ ಕುಳಿತು ನುಡಿಸುವುದು ಒಂದು ಬಗೆ. ಊರೆಲ್ಲ ನೆರೆದ ರಾತ್ರಿ ನಾಲ್ವರೊಡನೆ ಕೂಡಿ ನುಡಿಸುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ವಾದ್ಯವು ನಮ್ಮ ಮಾತು ಕೇಳಿದರೆ ಸಾಕು. ಎರಡನೆಯದಕ್ಕೆ ನಾವು ಉಳಿದವರ ಮಾತು ಕೇಳಬೇಕಾಗುತ್ತದೆ. ಬೆರಳು ಪಳಗಿದವರೆಲ್ಲರಿಗೂ ಈ ಎರಡನೆಯ ವಿದ್ಯೆ ಬಂದೇ ಬರುತ್ತದೆಂದು ಹೇಳಲಾಗದು. ಹತ್ತಾರು ರಾಗಗಳನ್ನು ಬಲ್ಲವರೂ ಮೇಳದಲ್ಲಿ ಕುಳಿತಾಗ ತಬ್ಬಿಬ್ಬಾಗುವುದುಂಟು. ನಾಲ್ಕೇ ರಾಗ ಬಲ್ಲವರು ಇಡೀ ರಾತ್ರಿಯನ್ನು ಸುಸೂತ್ರವಾಗಿ ದಾಟಿಸುವುದೂ ಉಂಟು. ಇದಕ್ಕೆ ಕಾರಣವೇನೆಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ನಾನು ಹೇಳಹೊರಟಿರುವುದು ಸಂಗೀತ ಸಭೆಗಳ ಕಚೇರಿಯನ್ನು ಕುರಿತಲ್ಲ. ತುಮಕೂರು, ಮಂಡ್ಯ, ಮೈಸೂರು, ಹಾಸನ, ಕೋಲಾರ ಈ ಸೀಮೆಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಜಾತ್ರೆಗೋ ಊರಹಬ್ಬಕ್ಕೋ ಒಂದು ಪೌರಾಣಿಕ ನಾಟಕವನ್ನಾಡುವ ಪದ್ಧತಿಯುಂಟು. ‘ಕುರುಕ್ಷೇತ್ರ’, ‘ಸಂಪೂರ್ಣ ರಾಮಾಯಣ’, ‘ದಾನಶೂರ ಕರ್ಣ’, ‘ದಕ್ಷಯಜ್ಞ’, ‘ರಾಜಾವಿಕ್ರಮ’ ಇವೆಲ್ಲ ನೀವು ಗೋಡೆಯ ಮೇಲಿನ ಬಣ್ಣದ ಕಾಗದಗಳಲ್ಲಿ ಓದಿರುವ ಹೆಸರುಗಳೇ. ರಾತ್ರಿ ಎಂಟು ಒಂಬತ್ತು ಗಂಟೆಗೆ ಮೊದಲಾದ ಆಟ ಬೆಳಗಿನ ಜಾವದವರೆಗೆ ನಡೆಯುತ್ತದೆ. ರಂಗದ ಮುಂದೆ ಒಂದು ಪಕ್ಕದಲ್ಲಿ, ಸಭಿಕರಿಗೆ ಅರ್ಧ ಬೆನ್ನು ಮಾಡಿ, ಮೂವರು ನಾಲ್ವರು ಕುಳಿತಿರುತ್ತಾರೆ. ಒಬ್ಬರು ಹಾರ್ಮೋನಿಯಂ ಮೇಷ್ಟ್ರು, ಒಬ್ಬರು ತಬಲದವರು, ಒಬ್ಬರು ಕ್ಲಾರಿಯೊನೆಟ್ಟಿನವರು, ಒಬ್ಬರು ತಾಳ ಹಿಡಿದವರು. ಇದೇ ಹಿಮ್ಮೇಳ. ನಾನು ಹಗಲು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಕರೆ ಬಂದ ರಾತ್ರಿಗಳಲ್ಲಿ ಈ ನಾಲ್ಕನೆಯವನ ಸ್ಥಾನದಲ್ಲಿ ತಾಳ ಹಿಡಿದು ಕುಳಿತವನು. ನನ್ನ ಮಾತು ಆ ಸ್ಥಾನದಿಂದ ಕಂಡದ್ದು, ಕೇಳಿದ್ದು.

ಈ ಮೇಳ ನಮ್ಮ ಹಳ್ಳಿಗೆ ಬಂದ ದಾರಿಯನ್ನು ಮೊದಲು ತಿಳಿಯೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕನ್ನಡ ನಾಡಿನಲ್ಲಿ ವೃತ್ತಿ ನಾಟಕ ಕಂಪನಿಗಳು ಹುಟ್ಟಿಕೊಂಡವು. ಗುಬ್ಬಿ ಕಂಪನಿಯು ಸ್ಥಾಪನೆಯಾದದ್ದು 1884ರಲ್ಲಿ. ಮುಂದೆ ವೀರಣ್ಣನವರ ಕೈಯಲ್ಲಿ ಅದು ಮನೆಮಾತಾಯಿತು. ಮೈಸೂರಿನ ಕಡೆ ವರದಾಚಾರ್ಯರ ರತ್ನಾವಳಿ ನಾಟಕ ಸಭೆಯೂ ಅಷ್ಟೇ ಹೆಸರು ಪಡೆಯಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನ ಕಿವಿಗೂ ಮುಟ್ಟುವಂತೆ ಹಾಡಬೇಕಾಗಿತ್ತು. ಆ ಕಂಠಕ್ಕೆ ಒತ್ತಾಸೆಯಾಗಿ ನಿಲ್ಲುವ ಗಟ್ಟಿ ದನಿಯ ವಾದ್ಯವೊಂದು ಬೇಕಾಗಿತ್ತು. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನನೆಂಬುವನು 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಕಡಲು ದಾಟಿ ಬಂದು ಆ ಸ್ಥಾನದಲ್ಲಿ ಕುಳಿತುಕೊಂಡಿತು. ಪಾರ್ಸಿ ನಾಟಕಗಳಿಂದಲೂ ಮರಾಠಿ ರಂಗಭೂಮಿಯಿಂದಲೂ ಹಿಂದೂಸ್ತಾನಿ ಧಾಟಿಗಳು ಬಂದವು. ಕರ್ನಾಟಕ ಸಂಗೀತದ ರಾಗಗಳು ಮೊದಲೇ ಇದ್ದವು. ಇವೆರಡೂ ಬೆರೆತು ‘ಮಟ್ಟು’ ಎಂದು ನಾವು ಕರೆಯುವ ನಾಟಕದ ಹಾಡಿನ ಧಾಟಿಗಳು ಸಿದ್ಧವಾದವು. ಆಮೇಲೆ ಸಿನಿಮಾ ಬಂದಿತು. ಒಂದೊಂದಾಗಿ ಕಂಪನಿಗಳು ಡೇರೆ ಕಿತ್ತವು. ಅಲ್ಲಿದ್ದ ವಾದ್ಯಗಾರರು, ನಟರು, ಅವರ ಶಿಷ್ಯರು ಹಳ್ಳಿಗಳಿಗೆ ನಡೆದರು. ‘ನಾಟಕ ಕಲಿಸುತ್ತೇನೆ’ ಎಂದು ಊರ ಚಾವಡಿಯಲ್ಲಿ ಪೆಟ್ಟಿಗೆ ಇಳಿಸಿದರು. ಹೀಗೆ, ಕಂಪನಿ ಅಳಿದರೂ ಅದರ ಸಂಗೀತ ಒಕ್ಕಲುಮನೆಗಳಲ್ಲಿ ಉಳಿದುಕೊಂಡಿತು.

ಇಲ್ಲಿ ನಗೆ ತರಿಸುವ ಸಂಗತಿಯೊಂದಿದೆ. ಹಳ್ಳಿ ಹಳ್ಳಿಯಲ್ಲಿ ಮೆರೆಯುತ್ತಿದ್ದ ಈ ಪೆಟ್ಟಿಗೆಗೆ ನಮ್ಮ ಬಾನುಲಿಯೇ ಬಾಗಿಲು ಹಾಕಿತ್ತು. 1940ರಲ್ಲಿ ಅಖಿಲ ಭಾರತ ಬಾನುಲಿಯು ಹಾರ್ಮೋನಿಯಂ ವಾದ್ಯವನ್ನು ನಿಷೇಧಿಸಿತು. ಅದರ ಸ್ವರಗಳು ಮೊದಲೇ ಬಿಗಿದು ಕೂತಿರುವಂಥವು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದಕ್ಕೆ ಅಸಾಧ್ಯ, ಆದ್ದರಿಂದ ಭಾರತೀಯ ಸಂಗೀತಕ್ಕೆ ಸಲ್ಲದು ಎಂಬುದು ಆಕ್ಷೇಪಣೆ. ಸ್ವಾತಂತ್ರ್ಯ ಬಂದ ಮೇಲೂ ಈ ಕಟ್ಟು ಮುಂದುವರಿದು, 1971ರಲ್ಲಿ ಕೆಲವು ನಿಯಮಗಳೊಡನೆ ಸಡಿಲವಾಯಿತು. ಆಕ್ಷೇಪಣೆ ಶಾಸ್ತ್ರದ ದೃಷ್ಟಿಯಿಂದ ನಿರಾಧಾರವಾದುದೇನೂ ಅಲ್ಲ. ಒಂದು ಸ್ಥಾಯಿಗೆ ಹನ್ನೆರಡು ಮನೆ. ಎರಡು ಮನೆಗಳ ನಡುವೆ ಏನೂ ಇಲ್ಲ. ಆದರೆ ನಾಟಕದ ಹಾರ್ಮೋನಿಯಂ ಮೇಷ್ಟ್ರಿಗೆ ವಹಿಸಿದ ಕೆಲಸ ಗಮಕ ತೋರಿಸುವುದಲ್ಲ; ಅದು ಬೇರೆಯೇ ಇದೆ. ಆ ಕೆಲಸ ಎಂಥದೆಂಬುದನ್ನು ತಿಳಿಯಲು ಮೂರು ಮಾತುಗಳ ಅರ್ಥವನ್ನು ವಿಚಾರಿಸಿದರೆ ಸಾಕು: ಮೇಳ, ಶ್ರುತಿ, ಲಯ.

ಮೇಳವೆಂಬುದು ‘ಮಿಲ್’ ಧಾತುವಿನಿಂದ ಬಂದ ಮಾತು; ಕೂಡುವುದು ಎಂದರ್ಥ. ನಾಟಕದಲ್ಲಿ ಯಾರು ಯಾರೊಡನೆ ಕೂಡುತ್ತಾರೆ ನೋಡಿ. ರಂಗದ ಮೇಲೆ ನಿಂತವನು ಕಸುಬಿನ ನಟನಲ್ಲ. ದುರ್ಯೋಧನ ತೆಂಗಿನ ತೋಟದವನು, ಭೀಮ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವನು, ಶಕುನಿ ಅಂಚೆಯಣ್ಣ. ತಮಗೆ ಬಂದ ಪಾತ್ರಕ್ಕೆ ಇಷ್ಟೆಂದು ಕೈಯಿಂದ ಹಣ ಕೊಟ್ಟೇ ಇವರು ಬಣ್ಣ ಹಚ್ಚುವುದು. ಸೀನರಿಯವರಿಗೆ, ಧ್ವನಿವರ್ಧಕದವರಿಗೆ, ಮೇಷ್ಟ್ರಿಗೆ ಸಲ್ಲಿಸುವ ಸಂಭಾವನೆ ಹೀಗೆ ಕೂಡುತ್ತದೆ. ಎರಡು ಮೂರು ತಿಂಗಳು, ಹಗಲೆಲ್ಲ ದುಡಿದು, ರಾತ್ರಿ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ತಾಲೀಮು. ಅಕ್ಷರ ಬಾರದವನಿಗೂ ಮೇಷ್ಟ್ರು ಒಂದೊಂದು ಸಾಲನ್ನು ಬಾಯಿಪಾಠ ಮಾಡಿಸುತ್ತಾರೆ.

ಇಂಥವನು ಊರ ಮುಂದೆ ನಿಲ್ಲುವಾಗ ಪಣಕ್ಕಿಡುವುದು ಏನನ್ನು? ಪಟ್ಟಣದ ನಟ ಒಂದು ರಾತ್ರಿ ತಪ್ಪಿದರೆ ಮರುದಿನ ಬೇರೆ ಊರಿಗೆ ಹೋಗುತ್ತಾನೆ. ಇವನಿಗೆ ಮರುದಿನವೂ ಅದೇ ಊರು, ಅದೇ ಬಾವಿಕಟ್ಟೆ, ಅದೇ ಸಂತೆ. ‘ಎಲವೋ’ ಎಂದು ಗರ್ಜಿಸಿ ಮುಂದಿನ ಮಾತು ಮರೆತು ನಿಂತವನೊಬ್ಬನಿಗೆ ‘ಎಲವೋ’ ಎಂದೇ ಅಡ್ಡಹೆಸರಾಗಿ, ಅವನ ಮಕ್ಕಳನ್ನೂ ‘ಎಲವೋ ಅವರ ಹುಡುಗರು’ ಎಂದು ಕರೆಯುವುದನ್ನು ನಾನು ಬಲ್ಲೆ. ಹಳ್ಳಿಯ ನಗೆ ಕ್ರೂರವಲ್ಲ; ಆದರೆ ಅದಕ್ಕೆ ನೆನಪು ಬಹಳ. ಆದ್ದರಿಂದ ಹಿಮ್ಮೇಳದ ಮೊದಲನೆಯ ಧರ್ಮ ಇಷ್ಟೆ: ರಂಗದ ಮೇಲಿರುವವನನ್ನು ಬೀಳಗೊಡಬಾರದು. ರಾಗದ ಸೊಗಸು, ಬೆರಳಿನ ಚಳಕ, ತಬಲದ ಮೋಡಿ ಇವೆಲ್ಲ ಅದಾದ ಮೇಲಿನ ಮಾತು. ನಾನು ಜೊತೆಗೆ ಕುಳಿತ ಹಿರಿಯ ಮೇಷ್ಟ್ರೊಬ್ಬರು ಬಣ್ಣದ ಕೋಣೆಗೆ ಹೋಗಿ, ನಡುಗುತ್ತಿರುವ ಹೊಸ ಪಾತ್ರಧಾರಿಯ ಬೆನ್ನು ತಟ್ಟಿ ಹೇಳುತ್ತಿದ್ದ ಮಾತು ಒಂದೇ: “ನೀನು ಹಾಡ್ತಾ ಹೋಗಪ್ಪ, ನಾನು ಹಿಂದೆ ಬತ್ತೀನಿ.” ಹಿಮ್ಮೇಳದ ಶಾಸ್ತ್ರವೆಲ್ಲ ಆ ಮಾತಿನಲ್ಲಿ ಅಡಗಿದೆ.

ಎರಡನೆಯದು ಶ್ರುತಿ. ‘ಶ್ರು’ ಎಂದರೆ ಕೇಳು. ಶ್ರುತಿ ಎಂದರೆ ಕೇಳಿದ್ದು. ನಮ್ಮ ಹಿರಿಯರು ವೇದಕ್ಕೂ ಈ ಹೆಸರನ್ನಿಟ್ಟರು, ಸಂಗೀತದ ಆಧಾರ ಸ್ವರಕ್ಕೂ ಇದೇ ಹೆಸರನ್ನಿಟ್ಟರು. ಅದು ‘ನುಡಿಸಿದ್ದು’ ಅಲ್ಲ, ‘ಕೇಳಿದ್ದು’. ಮೇಳದಲ್ಲಿ ಕುಳಿತಾಗ ಈ ವ್ಯುತ್ಪತ್ತಿ ಎಷ್ಟು ಸತ್ಯವೆಂದು ಗೊತ್ತಾಗುತ್ತದೆ. ಇಪ್ಪತ್ತು ಪಾತ್ರಗಳಿದ್ದರೆ ಇಪ್ಪತ್ತು ಕಂಠ. ಒಬ್ಬನದು ಒಂದೂವರೆ ಮನೆ, ಮತ್ತೊಬ್ಬನದು ಎರಡೂವರೆ, ಇನ್ನೊಬ್ಬನದು ನಾಲ್ಕು. ತಾಲೀಮಿನ ಕಾಲದಲ್ಲೇ ಮೇಷ್ಟ್ರು ಹಾಡಿನ ಪುಸ್ತಕದ ಅಂಚಿನಲ್ಲಿ ಪ್ರತಿಯೊಬ್ಬನ ಶ್ರುತಿಯನ್ನು ಗುರುತು ಹಾಕಿಕೊಂಡಿರುತ್ತಾರೆ. ಆದರೆ ಪುಸ್ತಕದ ಶ್ರುತಿ ಆ ರಾತ್ರಿಯ ಶ್ರುತಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ಎದುರಿಗೆ ಸಾವಿರ ಜನ; ಎದೆ ಹೊಡೆದುಕೊಳ್ಳುತ್ತಿರುವ ಪಾತ್ರಧಾರಿ ಒಂದು ಮನೆ ಏರಿಸಿಯೇ ಎತ್ತಿಕೊಂಡುಬಿಡುತ್ತಾನೆ. ಕಲಿಯುವವರು ಇಂಥ ಹೊತ್ತಿನಲ್ಲಿ ತಮ್ಮ ಮನೆಯನ್ನೇ ಇನ್ನಷ್ಟು ಗಟ್ಟಿಯಾಗಿ ಒತ್ತಿ ಅವನನ್ನು ಕೆಳಗಿಳಿಸಲು ನೋಡುತ್ತಾರೆ. ಅದರಿಂದ ಇಬ್ಬರೂ ಕೆಡುತ್ತಾರೆ. ಸಭೆಗೆ ಅಪಸ್ವರ ಎದ್ದು ಕಾಣುತ್ತದೆ. ಅನುಭವಿಯಾದ ಮೇಷ್ಟ್ರು ಒಂದು ಉಸಿರಿನಷ್ಟು ಹೊತ್ತು ಬೆರಳನ್ನೆತ್ತಿ, ಕೇಳಿ, ಅವನಿರುವ ಮನೆಗೆ ತಾವೇ ಹೋಗುತ್ತಾರೆ. ಸ್ವರಸ್ಥಾನಗಳೆಲ್ಲ ಬದಲಾದುವು, ಅದೇ ಕಲ್ಯಾಣಿಯನ್ನು ಬೇರೆ ಬಿಳಿ ಕಪ್ಪು ಮನೆಗಳ ಮೇಲೆ ನುಡಿಸಬೇಕು. ಇದಕ್ಕೇ ಅವರು ವರ್ಷಗಟ್ಟಲೆ ಪ್ರತಿ ಮಟ್ಟನ್ನೂ ಎಲ್ಲ ಮನೆಗಳಿಂದಲೂ ಅಭ್ಯಾಸ ಮಾಡಿರುವುದು.

ಸ್ತ್ರೀ ಪಾತ್ರಗಳ ವಿಷಯದಲ್ಲಿ ಈ ಕಿವಿಯ ಕೆಲಸ ಇನ್ನೂ ಹೆಚ್ಚು. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಕ್ಕೆ ಸಾಮಾನ್ಯವಾಗಿ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆ. ನಾಟಕದ ಕಾಲದಲ್ಲಿ ಇವರಿಗೆ ಇಂದು ಒಂದೂರು, ನಾಳೆ ಇನ್ನೊಂದೂರು; ಸಂಜೆ ಬಸ್ಸಿಳಿದು ಬಂದು, ರಾತ್ರಿ ಅಭಿನಯಿಸಿ, ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಊರವರೊಡನೆ ಅವರಿಗೆ ತಾಲೀಮು ಎಂಬುದೇ ಇರುವುದಿಲ್ಲ. ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತು ಮೇಷ್ಟ್ರು ಕೇಳುತ್ತಾರೆ: “ಅಮ್ಮಾ, ನಿಮ್ಮ ಶ್ರುತಿ ಯಾವುದು?” “ಐದೂವರೆ ಮೇಷ್ಟ್ರೇ. ಕಂದಕ್ಕೆ ಐದೇ ಇರಲಿ, ನೆನ್ನೆ ರಾತ್ರಿ ಗಂಟಲು ಕಟ್ಟಿದೆ.” “ಆಗಲಿ ತಾಯಿ.” ಮುಗಿಯಿತು. ಅವರ ತಾಲೀಮೆಂದರೆ ಇಷ್ಟೆ. ಎಂದೂ ಕೂಡಿ ಹಾಡದ ಇಬ್ಬರು, ಕೃಷ್ಣನೂ ರುಕ್ಮಿಣಿಯೂ, ಬೇರೆ ಬೇರೆ ಶ್ರುತಿಯಲ್ಲಿ ಒಂದೇ ಯುಗಳ ಗೀತೆಯನ್ನು ಹಾಡಬೇಕು. ಅವನ ಸಾಲಿಗೂ ಅವಳ ಸಾಲಿಗೂ ನಡುವಿನ ಸಣ್ಣ ಸಂದಿನಲ್ಲಿ ಮೇಷ್ಟ್ರು ಶ್ರುತಿಯಿಂದ ಶ್ರುತಿಗೆ ಹಲಗೆ ಹಾಕಿ ದಾಟಿಸುತ್ತಾರೆ. ಸಭಿಕರಿಗೆ ಕೇಳಿಸುವುದು ಒಂದೇ ಹಾಡು.

ಈಗ ಹಾಡಿನಿಂದ ಪದ್ಯಕ್ಕೆ ಬರುತ್ತೇನೆ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ. ಪೌರಾಣಿಕ ನಾಟಕದಲ್ಲಿ ತಾಳಕ್ಕೆ ಕಟ್ಟಿದ ಹಾಡುಗಳಲ್ಲದೆ ಕಂದ, ಸೀಸ, ವೃತ್ತಗಳನ್ನೂ ಹಾಡುತ್ತಾರೆ. ಆಗ ತಬಲ ಸುಮ್ಮನಿರುತ್ತದೆ, ತಾಳವೂ ಸುಮ್ಮನಿರುತ್ತದೆ. ಹಾರ್ಮೋನಿಯಂ ಒಂದೇ ನಟನ ಬೆನ್ನಿಗಿರುತ್ತದೆ. ಪಾಠದ ಕೋಣೆಯಲ್ಲಿ ಕಂದವನ್ನು ಹಲಗೆಯ ಮೇಲೆ ಬರೆದು ನಾಲ್ಕು ನಾಲ್ಕು ಮಾತ್ರೆಗೆ ಗೀಟೆಳೆದು ತೋರಿಸುತ್ತೇವೆ. ಒಂದನೆಯ ಮತ್ತು ಮೂರನೆಯ ಪಾದಗಳಿಗೆ ಮೂರು ಮೂರು ಗಣ, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ ಐದೈದು ಗಣ. 12, 20, 12, 20, ಒಟ್ಟು 64 ಮಾತ್ರೆಗಳು. ಹುಡುಗರು ಎಣಿಸಿ ಸರಿಯಾಯಿತೆಂದು ಸಂತೋಷಪಡುತ್ತಾರೆ. ರಂಗದ ಮೇಲೆ ದುರ್ಯೋಧನನು ಅದೇ ಕಂದವನ್ನೆತ್ತಿಕೊಂಡಾಗ ಈ ಎಣಿಕೆ ಎಲ್ಲಿ ಹೋಯಿತೆಂದು ಹುಡುಕಬೇಕು. ಒಂದು ಅಕ್ಷರದ ಮೇಲೆ ನಿಂತು ಅವನು ತಾರಸ್ಥಾಯಿಯನ್ನು ಮುಟ್ಟಿ ಬರುವಷ್ಟರಲ್ಲಿ ಹಲಗೆಯ ಮೇಲಿನ ಪದ್ಯವೇ ಮುಗಿದಿರುತ್ತದೆ.

ಹಾಗೆಂದು ಛಂದಸ್ಸು ಅಲ್ಲಿ ಸತ್ತುಹೋಯಿತೆಂದು ತಿಳಿಯಬಾರದು. ಅದು ಉಸಿರಿನೊಳಗೆ ಸೇರಿಕೊಂಡಿರುತ್ತದೆ. ಬಲ್ಲ ಹಾಡುಗಾರ ಮಾತು ಮುಗಿದೆಡೆಯಲ್ಲೇ ಉಸಿರೆಳೆಯುತ್ತಾನೆ. ಆ ಬಿಡುವಿನಲ್ಲೇ ಹಾರ್ಮೋನಿಯಂ ಅವನು ಹಾಡಿದ್ದನ್ನು ಒಂದು ಎಳೆಯಾಗಿ ಮರುನುಡಿದು ಅವನಿಗೆ ವಿಶ್ರಾಂತಿ ಕೊಡುತ್ತದೆ. ಮಾತು ಮುಗಿಯುವ ಮೊದಲೇ ವಾದ್ಯ ನುಗ್ಗಿದರೆ ಪದ ಒಡೆಯುತ್ತದೆ. ಪದ ಒಡೆದರೆ ಅರ್ಥ ಒಡೆಯುತ್ತದೆ. ‘ಸಾವಿರದ’ ಎಂಬ ಒಂದು ಮಾತನ್ನೇ ತೆಗೆದುಕೊಳ್ಳಿ. ‘ಸಾವು’ ಎಂಬಷ್ಟನ್ನು ಬೇರೆಯಾಗಿ ತೋರಿಸಿ ‘ಇರದ’ ಎಂದರೆ ಮರಣವಿಲ್ಲದ್ದು. ‘ಸಾವಿರ’ ಎಂದು ಕೂಡಿಸಿ ನಿಲ್ಲಿಸಿದರೆ ಹತ್ತು ನೂರು. ಎಲ್ಲಿ ಉಸಿರು ಬಿಡಬೇಕೆಂಬುದು ಹಾಡುವವನಿಗೆ ಮಾತ್ರ ತಿಳಿದರೆ ಸಾಲದು, ನುಡಿಸುವವರಿಗೂ ತಿಳಿದಿರಬೇಕು. ಆದ್ದರಿಂದ ನಾಟಕದ ಮೇಷ್ಟ್ರು ಸಾಹಿತ್ಯವನ್ನು ಬಲ್ಲವರಾಗಿರುತ್ತಾರೆ. ಪರೀಕ್ಷೆ ಕಟ್ಟಿದ ವಿದ್ವಾಂಸರಲ್ಲ. ಆದರೆ ಯಾವ ಪದ್ಯದಲ್ಲಿ ಯಾವ ಮಾತು ಎಲ್ಲಿ ಮುಗಿಯುತ್ತದೆಂಬುದು ಅವರಿಗೆ ಕರತಲಾಮಲಕ. ಯತಿ, ಅನ್ವಯ ಇವುಗಳನ್ನು ಕುರಿತು ನಾನು ಪುಸ್ತಕದಿಂದ ಕಲಿತದ್ದಕ್ಕೆ ಜೀವ ಬಂದದ್ದು ಇವರ ಪಕ್ಕದಲ್ಲಿ ಕುಳಿತ ಮೇಲೆ ಎಂದರೆ ಉತ್ಪ್ರೇಕ್ಷೆಯಾಗದು.

ಮೂರನೆಯ ಮಾತು ಲಯ. ‘ಲೀ’ ಧಾತುವಿಗೆ ಅಂಟು, ಕರಗು ಎಂಬ ಅರ್ಥಗಳಿವೆ. ನಾವು ಲಯವೆಂದರೆ ಗಡಿಯಾರದ ಟಿಕ್ ಟಿಕ್ ಎಂದು ತಿಳಿದುಬಿಟ್ಟಿದ್ದೇವೆ. ಮೇಳದ ಲಯ ಹಾಗಲ್ಲ. ಅದು ನಾಲ್ವರೂ ಒಬ್ಬರಲ್ಲೊಬ್ಬರು ಕರಗಿದಾಗ ಉಂಟಾಗುವುದು. ತಬಲದವರು ಆರು ಮಾತ್ರೆಯ ದಾದರಾ ಹಿಡಿದಿರಲಿ, ಎಂಟು ಮಾತ್ರೆಯ ಕೇರವಾ ಹಿಡಿದಿರಲಿ, ಅವರ ಕಣ್ಣು ಕೈಯ ಮೇಲಿರುವುದಿಲ್ಲ, ಹಾಡುವವನ ತುಟಿಯ ಮೇಲಿರುತ್ತದೆ. ನಟನು ಹಾಡುತ್ತಾ ರಂಗದ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ. ಧೋತ್ರ ಕಾಲಿಗೆ ಸಿಕ್ಕಿತು, ಗದೆ ಕೈಜಾರಿತು, ಒಂದು ಮಾತ್ರೆ ತಡವಾಯಿತು. ಆ ಒಂದು ಮಾತ್ರೆಯನ್ನು ಎಳೆದು, ಸಮದಲ್ಲಿ ಅವನನ್ನು ಕೂಡಿಸಿಕೊಂಡು ಮುಂದೆ ಸಾಗುವುದೇ ಹಿಮ್ಮೇಳದ ಲಯಜ್ಞಾನ.

ಒಂದು ಉದಾಹರಣೆ ಹೇಳುತ್ತೇನೆ. ಕರ್ಣನ ಪಾತ್ರ ವಹಿಸಿದ್ದ ರೈತರೊಬ್ಬರು ಕುಂತಿಯ ಎದುರಿನ ದೃಶ್ಯದಲ್ಲಿ ಪಲ್ಲವಿಯನ್ನು ಚೆನ್ನಾಗಿ ಹಾಡಿದರು, ಮೊದಲನೆಯ ಚರಣವನ್ನೂ ಹಾಡಿದರು. ಎರಡನೆಯ ಚರಣ ನೆನಪಿನಿಂದ ಪೂರ್ತಿಯಾಗಿ ಜಾರಿಹೋಯಿತು. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮೇಷ್ಟ್ರು ಹಾರ್ಮೋನಿಯಮ್ಮನ್ನು ನಿಲ್ಲಿಸಲಿಲ್ಲ. ಪಲ್ಲವಿಯ ಸಾಲಿಗೆ ಹಿಂದಿರುಗಿದರು. ತಬಲದವರು ಪೆಟ್ಟನ್ನು ಮೆತ್ತಗೆ ಮಾಡಿ ಅದೇ ನಡೆಯಲ್ಲಿ ಉಳಿದರು. ಕ್ಲಾರಿಯೊನೆಟ್ಟು ಮರೆತ ಚರಣದ ಧಾಟಿಯನ್ನು ಒಮ್ಮೆ ನುಡಿಸಿತು. ಕಾಲಿನಿಂದ ತಿದಿಯೊತ್ತುವ ಪೆಟ್ಟಿಗೆಯಾದುದರಿಂದ ಮೇಷ್ಟ್ರಿಗೆ ಒಂದು ಕೈ ಬಿಡುವಿತ್ತು. ಆ ಕೈಯಿಂದ ಕುಂತಿಯ ಕಡೆಗೆ ತಿರುಗೆಂದು ಸನ್ನೆ ಮಾಡಿ, ತುಟಿಯಲ್ಲೇ ಚರಣದ ಮೊದಲ ಮಾತನ್ನು ತೋರಿಸಿದರು. ಕರ್ಣ ತಾಯಿಯತ್ತ ತಿರುಗಿ, ಒಂದು ಗಳಿಗೆ ತಲೆತಗ್ಗಿಸಿ ನಿಂತು, ಆಮೇಲೆ ಎತ್ತಿಕೊಂಡರು. ದುಃಖ ಉಕ್ಕಿ ಕೊರಳು ಕಟ್ಟಿತೆಂದೇ ಊರವರು ತಿಳಿದರು. ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ಆ ರೈತರಿಗೆ ಇಂದಿಗೂ ಊರಿನಲ್ಲಿ ‘ಕರ್ಣ’ ಎಂದೇ ಹೆಸರು. ಅದು ಅಡ್ಡಹೆಸರಲ್ಲ, ಮರ್ಯಾದೆಯ ಹೆಸರು.

ರಾತ್ರಿ ಬೆಳೆದಂತೆ ವಾದ್ಯಗಳ ಸ್ವಭಾವವೂ ಬದಲಾಗುತ್ತದೆಂಬುದನ್ನು ಮೇಳದವರು ಮರೆಯುವಂತಿಲ್ಲ. ಮೂರು ಗಂಟೆಯ ಹೊತ್ತಿಗೆ ಇಬ್ಬನಿ ಇಳಿಯುತ್ತದೆ. ತೇವಕ್ಕೆ ತಬಲದ ಚರ್ಮ ಸಡಿಲಿ ಶ್ರುತಿ ಇಳಿಯುತ್ತದೆ. ಸುತ್ತಿಗೆಯಿಂದ ಅಂಚನ್ನು ತಟ್ಟಿ ಏರಿಸಬೇಕು. ಕ್ಲಾರಿಯೊನೆಟ್ಟಿನೊಳಗಿನ ಗಾಳಿ ತಣ್ಣಗಾದಾಗ ಅದೂ ಕೆಳಗಿಳಿಯುತ್ತದೆ. ನುಡಿಸದ ಹೊತ್ತಿನಲ್ಲೂ ಉಸಿರೂದಿ ಬೆಚ್ಚಗಿಡಬೇಕು. ಇಂಥ ವೇಳೆಯಲ್ಲಿ ಹೆಚ್ಚು ಹಂದಾಡದೆ ನಿಂತಿರುವುದು ಹಾರ್ಮೋನಿಯಮ್ಮಿನ ಹಿತ್ತಾಳೆಯ ರೀಡು. ಯಾವ ಬಿಗಿತನವನ್ನು ಬಾನುಲಿಯವರು ದೋಷವೆಂದರೋ ಅದೇ ಇಲ್ಲಿ ಗುಣವಾಯಿತು. ಉಳಿದ ವಾದ್ಯಗಳು ಅದಕ್ಕೆ ಬಂದು ಸೇರುತ್ತವೆ.

ಇನ್ನು ‘ಒನ್ಸ್ ಮೋರ್’ ಕೂಗು, ಹಾರ ಹಾಕುವುದು, ಆಯೇರಿ ಕೊಡುವುದು. ಯುದ್ಧಕ್ಕೆ ಹೊರಟ ಅಭಿಮನ್ಯುವನ್ನು ನಿಲ್ಲಿಸಿ ಅವನ ಸೋದರಮಾವ ಉಂಗುರ ತೊಡಿಸುತ್ತಾನೆ; ಧ್ವನಿವರ್ಧಕದಲ್ಲಿ ಹೆಸರು ಕೂಗುತ್ತಾರೆ. ಪಟ್ಟಣದ ವಿಮರ್ಶಕರು ಇದನ್ನು ಕಂಡು ರಸಭಂಗವೆಂದು ಮುಖ ಸಿಂಡರಿಸಬಹುದು. ಹಳ್ಳಿಯವರಿಗೆ ಅದು ಬಾಂಧವ್ಯ. ಆದರೆ ಹಾರ ಬಿದ್ದ ಮೇಲೆ ಮುರಿದುಹೋದ ವೀರರಸವನ್ನು ಮತ್ತೆ ಕಟ್ಟಿಕೊಡುವವರಾರು? ಮೇಳವೇ. ಉಂಗುರದ ಮಾವ ರಂಗದಿಂದಿಳಿಯುವವರೆಗೆ ಮೆಲ್ಲನೆ ಏನನ್ನೋ ನುಡಿಸುತ್ತಿದ್ದು, ಅವನ ಬೆನ್ನು ಮರೆಯಾದೊಡನೆ ಎರಡು ಆವರ್ತದಲ್ಲಿ ಅಭಿಮನ್ಯುವನ್ನು ಮತ್ತೆ ರಥದ ಮೇಲೆ ನಿಲ್ಲಿಸುತ್ತದೆ.

ಈಗ ಕಾಲ ಬದಲಾಗಿದೆ. ಹಲವು ಕಡೆ ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಕೀಬೋರ್ಡು, ತಬಲದ ಪಕ್ಕದಲ್ಲಿ ರಿದಮ್ ಪ್ಯಾಡು ಬಂದು ಕುಳಿತಿವೆ. ಇವುಗಳನ್ನು ನಾನು ಹಳಿಯುವವನಲ್ಲ. ಹಾರ್ಮೋನಿಯಮ್ಮೂ ಒಂದು ಕಾಲಕ್ಕೆ ಪರದೇಶದಿಂದ ಬಂದ ಹೊಸ ಯಂತ್ರವೇ ಅಲ್ಲವೆ? ಒಂದು ಗುಂಡಿಯನ್ನೊತ್ತಿದರೆ ಶ್ರುತಿ ಬದಲಾಗುವ ಸೌಕರ್ಯ ಕೀಬೋರ್ಡಿಗುಂಟು. ನುರಿತ ಕೈಯಲ್ಲಿ ಅದೂ ಕೇಳಬಲ್ಲದು, ಕಾಯಬಲ್ಲದು. ನನ್ನ ಆತಂಕ ಬೇರೆಯದು. ಖರ್ಚು ಉಳಿಯುತ್ತದೆಂದು ಕೆಲವರು ಹಾಡುಗಳ ಸಂಗೀತವನ್ನು ಮೊದಲೇ ಧ್ವನಿಮುದ್ರಿಸಿಕೊಂಡು ಬಂದು, ಅದರ ಮೇಲೆ ಪಾತ್ರಧಾರಿಯನ್ನು ಹಾಡಿಸುವುದಕ್ಕೆ ತೊಡಗಿದ್ದಾರೆ. ಮುದ್ರಿಸಿದ ಸಂಗೀತ ತಪ್ಪುವುದಿಲ್ಲ, ನಿಜ. ಆದರೆ ತಪ್ಪಿದವನಿಗಾಗಿ ಅದು ನಿಲ್ಲುವುದೂ ಇಲ್ಲ. ಕರ್ಣ ಚರಣ ಮರೆತು ನಿಂತರೆ ಅದು ತನ್ನ ಪಾಡಿಗೆ ತಾನು ಮುಂದೆ ಹೋಗುತ್ತದೆ. ಅಲ್ಲಿ ಮನುಷ್ಯ ಯಂತ್ರದ ಹಿಂದೆ ಓಡಬೇಕು. ‘ನಾನು ಹಿಂದೆ ಬತ್ತೀನಿ’ ಎನ್ನುವವರು ಯಾರೂ ಇರುವುದಿಲ್ಲ.

ಮತ್ತೊಂದು ಸಣ್ಣ ಸಂಗತಿ. ಒಂದು ರಾತ್ರಿ ಗದಾಯುದ್ಧಕ್ಕೆ ಮುಂಚೆ ವಿದ್ಯುಚ್ಛಕ್ತಿ ನಿಂತುಹೋಯಿತು. ಕೀಬೋರ್ಡು, ಪ್ಯಾಡು, ಧ್ವನಿವರ್ಧಕ ಎಲ್ಲವೂ ಮೂಕವಾದವು. ಮೇಷ್ಟ್ರ ಕಾಲು ಮಾತ್ರ ತಿದಿಯನ್ನೊತ್ತುತ್ತಲೇ ಇತ್ತು. ತಬಲ ಕೂಡಿಕೊಂಡಿತು. ಸಭಿಕರು ತಮ್ಮ ಮೊಬೈಲ್ ಫೋನುಗಳ ದೀಪವನ್ನು ರಂಗದತ್ತ ಹಿಡಿದರು. ಆ ಬೆಳಕಿನಲ್ಲಿ ಭೀಮ ಹಾಡಿದ ಕಂದ ಯಾವ ಯಂತ್ರದ ನೆರವೂ ಇಲ್ಲದೆ ಹಿಂದಿನ ಸಾಲಿಗೆ ಮುಟ್ಟಿತು. ವರದಾಚಾರ್ಯರ ಕಾಲದ ಸಭೆ ಹೀಗೆಯೇ ಇದ್ದಿರಬೇಕು ಎಂದುಕೊಂಡೆ.

ಕೇಳುವ ಈ ವಿದ್ಯೆ ಪುಸ್ತಕದಲ್ಲಿಲ್ಲ. ಅದಿರುವುದು ಇಂದು ಅರವತ್ತು ಎಪ್ಪತ್ತು ದಾಟಿದ ಕೆಲವು ಮೇಷ್ಟ್ರುಗಳ ಕಿವಿಯಲ್ಲಿ, ಮತ್ತು ಅವರ ಕೈಬರಹದ ಹಾಡಿನ ಪುಸ್ತಕಗಳ ಅಂಚಿನಲ್ಲಿ. ಅವರ ಮಕ್ಕಳು ನಗರಗಳಲ್ಲಿ ಉದ್ಯೋಗದಲ್ಲಿದ್ದಾರೆ. ಪೆಟ್ಟಿಗೆಯ ಮುಂದೆ ಕೂರುವ ಶಿಷ್ಯರು ವಿರಳ. ಬಾಲ್ಯದಲ್ಲಿ ಗುಬ್ಬಿ ಕಂಪನಿಯನ್ನು ಸೇರಿದ್ದ ಬಿ. ವಿ. ಕಾರಂತರು ಮುಂದೆ ಆಧುನಿಕ ರಂಗಭೂಮಿಯಲ್ಲಿ ನಾಟಕದ ಸಂಗೀತಕ್ಕೆ ಹೊಸ ಗೌರವ ತಂದುಕೊಟ್ಟರು. ನಗರದ ವೇದಿಕೆಗಳಲ್ಲಿ ರಂಗಗೀತೆಗಳ ಕಾರ್ಯಕ್ರಮಗಳೂ ನಡೆಯುತ್ತಿವೆ. ಆದರೆ ಹಾಡು ಉಳಿದ ಮಾತ್ರಕ್ಕೆ ಹಿಮ್ಮೇಳ ಉಳಿಯಿತೆಂದು ಹೇಳಲಾಗದು. ಹಾಡನ್ನು ಮುದ್ರಿಸಿಡಬಹುದು, ಹಾಡುವವನು ಎಡವಿದಾಗ ಕೈಹಿಡಿಯುವುದನ್ನು ಎಡವುವವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ನಿಮ್ಮಲ್ಲಿ ಯಾರಿಗಾದರೂ ವಾದ್ಯದ ಅಭ್ಯಾಸವಿದ್ದರೆ, ಊರ ಮೇಳದವರು ಕರೆದಾಗ ಸಂಕೋಚ ಪಡಬೇಡಿ. ಮೊದಲು ಕೆಲವು ರಾತ್ರಿ ತಾಳ ಹಿಡಿದು ಕುಳಿತುಕೊಳ್ಳಿ. ಹಾಡಿನ ಸಾಹಿತ್ಯವನ್ನು ಪಾತ್ರಧಾರಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿ. ಅವನು ಮರೆತಾಗ ನಿಮಗೆ ನೆನಪಿರಬೇಕು. ಒಂದು ಮಟ್ಟನ್ನು ಕಲಿತರೆ ಅದನ್ನು ಎಲ್ಲ ಮನೆಗಳಿಂದಲೂ ನುಡಿಸಲು ಕಲಿಯಿರಿ. ನಿಮ್ಮ ವಾದ್ಯದ ದನಿಗಿಂತ ಹಾಡುವವನ ದನಿ ನಿಮಗೆ ಹೆಚ್ಚಾಗಿ ಕೇಳುತ್ತಿರಲಿ. ಕೇಳದಿದ್ದರೆ ನೀವು ಜೋರಾಗಿ ನುಡಿಸುತ್ತಿದ್ದೀರೆಂದು ಅರ್ಥ. ಚಪ್ಪಾಳೆ ಬಂದಾಗ ತಲೆಯೆತ್ತಿ ನೋಡಬೇಡಿ, ಮುಂದಿನ ದೃಶ್ಯದ ಶ್ರುತಿಯನ್ನು ನೋಡಿಕೊಳ್ಳಿ.

ವಾದ್ಯದ ಗಂಧವಿಲ್ಲದವರೂ ಮಾಡಬಹುದಾದ ಕೆಲಸವಿದೆ. ನಿಮ್ಮೂರಿನಲ್ಲಿ ನಾಟಕ ಕಲಿಸಿದ ಮೇಷ್ಟ್ರು ಇನ್ನೂ ಇದ್ದರೆ ಅವರ ಹಾಡಿನ ಪುಸ್ತಕವನ್ನು ಒಮ್ಮೆ ನೋಡಿ, ಅನುಮತಿ ಪಡೆದು ಪ್ರತಿ ಮಾಡಿಕೊಳ್ಳಿ. ಅಂಚಿನಲ್ಲಿರುವ ಗುರುತುಗಳನ್ನು ಬಿಡಬೇಡಿ, ಅವುಗಳ ಅರ್ಥವನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಊರ ನಾಟಕದ ಲೆಕ್ಕ ಹಾಕುವಾಗ ಸೀನರಿಗೆ, ದೀಪಕ್ಕೆ, ಹಾರಕ್ಕೆ ಧಾರಾಳವಾಗಿ ಬರೆದು, ಮೇಳದವರ ಸಂಭಾವನೆಯಲ್ಲಿ ಮಾತ್ರ ಚೌಕಾಸಿ ಮಾಡುವ ರೂಢಿಯಿದೆ, ಅದನ್ನು ಬಿಡಿ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಅವರ ಪಕ್ಕದಲ್ಲಿ ಕೂರಿಸಿ, ಅದಕ್ಕೆ ತಗಲುವ ಸಣ್ಣ ವೆಚ್ಚವನ್ನು ಊರೇ ವಹಿಸಿಕೊಂಡರೆ ಹತ್ತು ವರ್ಷಕ್ಕೆ ಒಂದು ಮೇಳ ಸಿದ್ಧವಾಗುತ್ತದೆ.

ಈ ಸಲ ಸುಗ್ಗಿ ಮುಗಿದು ನಾಟಕದ ಚಪ್ಪರ ಎದ್ದಾಗ, ರಂಗದ ಪಕ್ಕದ ಆ ಮೂಲೆಯ ಹತ್ತಿರ ಚಾಪೆ ಹಾಸಿಕೊಳ್ಳಿ. ದುರ್ಯೋಧನನನ್ನು ನೋಡಿ, ನಡುನಡುವೆ ಮೇಷ್ಟ್ರ ಮುಖವನ್ನೂ ನೋಡಿ. ಬೆಳಗಾದ ಮೇಲೆ ಪೆಟ್ಟಿಗೆ ಕಟ್ಟುವ ಹೊತ್ತಿಗೆ ಅವರಿಗೊಂದು ಲೋಟ ಕಾಫಿ ತಂದುಕೊಟ್ಟು, ‘ನಮ್ಮ ಹುಡುಗನನ್ನು ನಿಮ್ಮ ಹತ್ತಿರ ಕಳಿಸಬಹುದೇ ಮೇಷ್ಟ್ರೇ?’ ಎಂದು ಕೇಳಿ. ಅವರು ಬೇಡವೆನ್ನಲಾರರೆಂದು ನನ್ನ ನಂಬಿಕೆ.